ಒಗ್ಗರಣೆ ಡಬ್ಬಿಯ ನಡುವಿನ ಬಟ್ಟಲು

ಇವತ್ತು ಬೆಳಿಗ್ಗೆ ಮತ್ತೆ ಮೆಂತ್ಯ ಸೀದುಹೋಯಿತು. ಆ ವಾಸನೆ ಸುಲಭಕ್ಕೆ ಮನೆ ಬಿಟ್ಟು ಹೋಗುವುದಿಲ್ಲ, ನಿಮಗೂ ಗೊತ್ತಿರುತ್ತದೆ. ಅಮೆರಿಕಾದ ಈ ಬೆಲ್‌ವ್ಯೂ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಂತೂ ಕಿಟಕಿ ತೆರೆದರೆ ಮಳೆ, ಮುಚ್ಚಿದರೆ ಹೊಗೆಗೆ ಕೂಗುವ ಅಲಾರಾಂ. ಟವೆಲ್ ಬೀಸುತ್ತ ನಿಂತಾಗ ಆ ಶನಿವಾರ ನೆನಪಾಯಿತು. ಅಂದೂ ಮೆಂತ್ಯ ಸೀದಿತ್ತು. ಅಕ್ಕ ಇದ್ದ ಕೊನೆಯ ಶನಿವಾರ ಅದು. ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ಎಂದಿನಂತೆಯೇ ಇದ್ದೆವು.

ಅಕ್ಕ ಅಂದರೆ ನನ್ನ ಒಡಹುಟ್ಟಿದ ಅಕ್ಕ. ಗದಗಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ಮದುವೆಯಾಗಿ ಭಾವನ ಜೊತೆ ಇಲ್ಲಿಗೆ ಬಂದಳು, ಭಾವ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಉಳಿದಳು. ಹತ್ತಿರದ ಊರು ಟಕ್ವಿಲಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು, ಆದರೆ ಪಾಠ ಹೇಳುವ ಚಟ ಹೋಗಿರಲಿಲ್ಲ. ಆ ವರ್ಷ ನನ್ನ ಮಗಳು ಅನುಗೆ ಶಾಲೆಯಲ್ಲಿ ಎರಡು ಮಹಾಯುದ್ಧಗಳ ನಡುವಿನ ಘಟನೆಗಳ ಬಗ್ಗೆ ಕ್ಲಾಸಿನ ಮುಂದೆ ಮಾತಾಡಬೇಕಿತ್ತು. ಅಕ್ಕನಿಗೆ ಅಷ್ಟೇ ಸಾಕಾಯಿತು. ಒಲೆಯ ಪಕ್ಕದ ನನ್ನ ಒಗ್ಗರಣೆ ಡಬ್ಬಿ ಎತ್ತಿಕೊಂಡು ಹೋಗಿ ಊಟದ ಮೇಜಿನ ಮೇಲೆ ಇಟ್ಟಳು. ಸುತ್ತ ಆರು ಬಟ್ಟಲು, ನಡುವೆ ಒಂದು.

"ಸಾಸಿವಿ ಜರ್ಮನಿ. ಸಣ್ಣದು ಕಾಣಸ್ತದ, ಕಾದ್ರ ಸಿಡೀತದ," ಅಂದಳು. ಜೀರಿಗೆ ಫ್ರಾನ್ಸ್, ಉದ್ದಿನಬೇಳೆ ಬ್ರಿಟನ್, ಕಡಲೆಬೇಳೆ ರಷ್ಯಾ, ಮೆಂತ್ಯ ಇಟಲಿ, ಒಣಮೆಣಸಿನಕಾಯಿ ಜಪಾನ್.

"ದೊಡ್ಡಮ್ಮಾ, ವಾಟ್ ಅಬೌಟ್ ಅಮೆರಿಕಾ?" ಅಂದಳು ಅನು.

"ಅದನ್ನ ಫ್ರಿಜ್ಜಿನ್ಯಾಗ ಇಟ್ಟೀನಿ. ಯಾರ ಜಗಳಾನೂ ಬ್ಯಾಡ ಅಂತ ಬಾಗಲಾ ಹಾಕ್ಕೊಂಡು ಕೂತಿತ್ತು. 1929ರಾಗ ಅದರ ಶೇರ್ ಪ್ಯಾಟಿ ಬಿದ್ದು ಬಾಗಲಾ ತಗೀತು ನೋಡು, ಎಲ್ಲಾರ ಮನ್ಯಾಗೂ ಥಂಡಿ ಹೊಡೀತು."

ನಾನು ಒಲೆಯ ಹತ್ತಿರ ಒದ್ದಾಡುತ್ತಿದ್ದೆ. "ಅಕ್ಕಾ, ಡಬ್ಬಿ ಕೊಡು, ಎಣ್ಣಿ ಕಾದದ."

"ತಡೀ, ಇಟಲಿ ಈಗ ಅಬಿಸೀನಿಯಾ ದೇಶಾ ಗೆಲ್ಲಾಕ ಹೊಂಟದ."

"ಇಟಲಿ ಹೋಗಿ ಬರೂದ್ರಾಗ ನನ್ನ ಹುಳಿ ಕೆಡ್ತದ."

"ನಿನ್ನ ಹುಳಿ ಹೆಂಗೂ ಕೆಡ್ತದ, ಪಾಪ ಇಟಲಿ ಮ್ಯಾಲ ಯಾಕ ಹಾಕ್ತಿ?"

ಚಿಟಿಕೆ ಇಟಲಿಯನ್ನು ಕಸಿದುಕೊಂಡು ಬಂದು ಎಣ್ಣೆಗೆ ಹಾಕಿದೆ. ಹಾಕಿದವಳು ಅಕ್ಕನ ಮಾತು ಕೇಳುತ್ತ ಅಲ್ಲೇ ನಿಂತೆ. ಮೆಂತ್ಯ ಕಪ್ಪಾಯಿತು.

ಕೇಳುತ್ತ ನಿಂತದ್ದಕ್ಕೆ ಕಾರಣವಿದೆ. ಪಿಯುಸಿಯನ್ನು ಹೇಗೋ ದಾಟಿದವಳು ನಾನು. ಮಹಾಯುದ್ಧಗಳು ನನ್ನ ತಲೆಯಲ್ಲಿ ಟಾಕೀಸಿನ ಮೊದಲನೆಯ ಆಟ, ಎರಡನೆಯ ಆಟದ ಹಾಗೆ ಇದ್ದವು. ಒಂದು ಬಿಟ್ಟ ತಕ್ಷಣ ಇನ್ನೊಂದಕ್ಕೆ ಗಂಟೆ ಹೊಡೆಯುತ್ತಾರೆ. ನಡುವೆ ಇಪ್ಪತ್ತು ವರ್ಷ ಜನ ಏನು ಮಾಡುತ್ತಿದ್ದರು ಅಂತ ಅಂದೇ ಮೊದಲು ಕೇಳಿದೆ.

"ಏನ್ ಮಾಡ್ತಾರ? ಲಗ್ನಾ ಮಾಡ್ಕೋತಿದ್ರು, ಮನಿ ಕಟ್ಟತಿದ್ರು, ನಿನ್ನಂಗ ಹುಳಿ ಕೆಡಸ್ತಿದ್ರು. ನಾವು ನಡುವ ಇದ್ದೀವಿ ಅಂತ ಅವರಿಗೇನ್ ಗೊತ್ತು?"

1938ರವರೆಗೆ ಬಂದಳು. ದೊಡ್ಡ ದೇಶಗಳು ಕೂತು ಒಂದು ಸಣ್ಣ ದೇಶದ ತುಂಡನ್ನು ಜರ್ಮನಿಗೆ ಬಿಟ್ಟುಕೊಟ್ಟವಂತೆ, ಆ ದೇಶದವರನ್ನು ಹೊರಗೆ ಕೂಡಿಸಿ. ಅಷ್ಟರಲ್ಲಿ ಅನು ನಡುವಿನ ಬಟ್ಟಲಿನ ಮೇಲೆ ಬೆರಳಿಟ್ಟಳು. ಅದರಲ್ಲಿ ಅರಿಶಿಣವಿತ್ತು. "ಆಂಡ್ ದಿಸ್?"

"ಅದನ್ನ ಮುಂದಿನ ಶನಿವಾರ ಹೇಳ್ತೀನಿ. ಅದು ತಿಳದ್ರ ಎರಡನೇ ಯುದ್ಧ ಯಾಕಾತು ಅನ್ನೂದು ತಿಳೀತದ. ಅಲ್ಲೀತನಕ ನೀನೂ ವಿಚಾರ ಮಾಡು, ನಿಮ್ಮವ್ವನೂ ಮಾಡ್ಲಿ."

ಸೋಮವಾರ ಅಕ್ಕ ಆಫೀಸಿನಲ್ಲಿ ಕುಸಿದು ಬಿದ್ದಳು. ಹೃದಯ ನಿಂತಿತು ಅಂದರು.

ಆ ವಾರ ಅಡಿಗೆಮನೆ ನನ್ನ ಕೈಲಿರಲಿಲ್ಲ. ಪಕ್ಕದ ಮನೆಯ ತೆಲುಗಿನವರು, ಒಳ್ಳೆಯ ಹೆಂಗಸು, ಮೂರು ಹೊತ್ತೂ ಅನ್ನ ಸಾರು ಮಾಡಿ ಬಡಿಸಿದರು. ಹೋಗುವಾಗ ಡಬ್ಬಿಯನ್ನೂ ಬೆಳಗಿ, ತುಂಬಿ ಇಟ್ಟಿದ್ದರು, ತಮ್ಮ ಮನೆಯ ಕ್ರಮದಲ್ಲಿ. ನಡುವೆ ಸಾಸಿವೆ, ಅರಿಶಿಣ ಮೂಲೆಗೆ. ಮುಚ್ಚಳ ತೆಗೆದು ಬಟ್ಟಲುಗಳನ್ನು ಒಂದೊಂದಾಗಿ ನೋಡಿದೆ. ಒಗ್ಗರಣೆಗೆ ಬಂದವಳೋ, ಜರ್ಮನಿಯನ್ನು ಹುಡುಕಲು ಬಂದವಳೋ ನನಗೇ ತಿಳಿಯಲಿಲ್ಲ.

ಅನು ಹಟ ಹಿಡಿದಳು. "ಅಮ್ಮಾ, ಐ ವಾಂಟ್ ಟು ಡೂ ಇಟ್ ಹರ್ ವೇ." ಡಬ್ಬಿಯನ್ನೇ ಶಾಲೆಗೆ ಒಯ್ಯುವುದು, ಅಕ್ಕ ಹೇಳಿದ ಹಾಗೆಯೇ ಹೇಳುವುದು. ಅಕ್ಕನ ಆ ಪಾಠವನ್ನಾದರೂ ಕಳೆದುಕೊಳ್ಳಬಾರದು ಅಂತ ನನಗೂ ಅನ್ನಿಸಿತ್ತು. ಮೇಜಿನ ಮೇಲೆ ಬಟ್ಟಲುಗಳನ್ನು ಎತ್ತಿ ಎತ್ತಿ ಇಟ್ಟೆವು. ಸುತ್ತಿನ ಆರೂ ಹೇಗೋ ಕೂತವು. ಜೀರಿಗೆ ಸಾಸಿವೆಯ ಎಡಕ್ಕೋ ಬಲಕ್ಕೋ ಅಂತ ಸ್ವಲ್ಪ ಜಗಳವೂ ಆಯಿತು. ನಡುವಿನದ್ದು ಮಾತ್ರ ಬಗೆಹರಿಯಲಿಲ್ಲ.

ಇಲ್ಲೇ ಫ್ಯಾಕ್ಟೋರಿಯಾ ಬಡಾವಣೆಯ ಆಫೀಸಿನಿಂದ ಬಂದ ನಮ್ಮವರು ಶೂ ಬಿಚ್ಚುತ್ತಲೇ, "ಪೋಲೆಂಡ್ ಇರ್ಬೇಕು. ಯುದ್ಧ ಶುರುವಾದದ್ದು ಅಲ್ಲೇ," ಅಂದರು. ದೇಶಗಳೆಲ್ಲ ಸೇರಿ ಕಟ್ಟಿಕೊಂಡಿದ್ದ ಸಂಘ ಇರಬೇಕು, ಎಲ್ಲದರೊಳಗೂ ಇತ್ತು, ಯಾವುದನ್ನೂ ತಡೆಯಲಿಲ್ಲ ಅಂತ ಅನು. ನನಗೆ ನಮ್ಮ ದೇಶವೇ ಅನ್ನಿಸಿತು. ಆದರೆ ಅರಿಶಿಣ ಕಂಡಲ್ಲೆಲ್ಲ ನಮ್ಮದು ಅನ್ನುವವಳು ನಾನು, ನನ್ನ ಮಾತು ಲೆಕ್ಕಕ್ಕಿಲ್ಲ. ಲೈಬ್ರರಿಯಿಂದ ಪುಸ್ತಕ ತಂದೆವು. ಅದರಲ್ಲಿ ಎಲ್ಲ ಇತ್ತು, ಯಾವ ವರ್ಷ, ಯಾವ ಒಪ್ಪಂದ, ಎಲ್ಲ. ಓದಿದಷ್ಟೂ ಗೋಜಲಾಯಿತು. ಅದರಲ್ಲಿ ಅಕ್ಕ ಇದನ್ನೆಲ್ಲ ಯಾವ ಬಟ್ಟಲಿಗೆ ತಂದು ನಿಲ್ಲಿಸುತ್ತಿದ್ದಳು ಅನ್ನುವುದು ಇರಲಿಲ್ಲ.

ಕೊನೆಗೆ ಅನು ಒಬ್ಬಳೇ ತೀರ್ಮಾನ ಮಾಡಿದಳು. ನಡುವೆ ಅರಿಶಿಣ ಇಟ್ಟುಕೊಂಡೇ ಹೋದಳು. ಯಾರೋ ಹುಡುಗ ಅದು ಯಾವುದು ಅಂತ ಕೇಳಿದನಂತೆ. "ನಮ್ಮ ದೊಡ್ಡಮ್ಮ ಹೇಳಲಿಲ್ಲ" ಅಂದಳಂತೆ. ಇದನ್ನು ಹೇಳುವಾಗ ಅವಳು ಅಳಲಿಲ್ಲ. ನಾನು ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ತೊಳೆದೆ.

ಅದಾಗಿ ವರ್ಷಗಳಾದವು. ಇಲ್ಲಿಯವರೆಗೆ ಅನುವಿನ ಎದುರು ಅಕ್ಕನ ಮಾತು ಬಂದರೆ ನಾನೇ ಬೇರೆ ಮಾತು ತೆಗೆಯುತ್ತಿದ್ದೆ. ಇವತ್ತು ಅಲಾರಾಂ ಕೇಳಿ ಕೋಣೆಯಿಂದ ಬಂದವಳು ಬಾಣಲೆ ನೋಡಿ, "ಇಟಲಿ ಅಗೇನ್?" ಅಂದಳು. ನನಗೆ ನಗು ಬಂತು. "ಹೂಂ, ನಿಮ್ಮ ದೊಡ್ಡಮ್ಮ ಇದ್ದಿದ್ರ ಬೈತಿದ್ಲು," ಅಂದೆ. ಸೀದದ್ದನ್ನು ಚೆಲ್ಲಿ ಹೊಸ ಎಣ್ಣೆ ಇಟ್ಟೆ. ಸಾಸಿವೆ ಸಿಡಿಯಿತು. ನಡುವಿನ ಬಟ್ಟಲಿನಿಂದ ಅರಿಶಿಣ ತೆಗೆದು ಹುಳಿಗೆ ಹಾಕಿದೆ. ಅದು ಯಾವ ದೇಶ ಅಂತ ನಮಗೆ ಇನ್ನೂ ಗೊತ್ತಿಲ್ಲ.