ಸುಣ್ಣದ ಗೆರೆ ತುಳಿದ ಕುರಿಮರಿಗಳು

ಅಂಗಡಿಯ ಗೋಡೆಗೆ ಬಳಿಯಲೆಂದು ತಂದ ಸುಣ್ಣದ ಚೀಲವನ್ನು ಮೊನ್ನೆ ಬಿಚ್ಚಿದೆ. ಆ ಪುಡಿಯ ಘಾಟು ಮೂಗಿಗೆ ಅಡರಿದ್ದೇ ತಡ, ಕೊಟ್ಟೂರಿನ ಬಜಾರೇ ಮರೆತುಹೋಯಿತು. ತಂಬ್ರಹಳ್ಳಿಯ ಶಾಲೆಯ ಮೈದಾನ, ಬಗ್ಗಿ ಬಗ್ಗಿ ಗೆರೆ ಎಳೆಯುತ್ತಿದ್ದ ನಮ್ಮ ಡ್ರಿಲ್ ಮೇಷ್ಟ್ರು...

ನಾನಾಗ ಆರನೆಯ ತರಗತಿ. ಶಾಲೆ ಬಿಟ್ಟ ಮೇಲೆ ಹುಡುಗಿಯರಿಗೆ ಖೋ ಖೋ ಕಲಿಸಲು ಹೊರಟ ಮೇಷ್ಟ್ರು, ಚೆನ್ನಾಗಿ ಓಡುತ್ತಾಳೆಂದು ನನ್ನನ್ನೂ ಆರಿಸಿದರು. ನಮ್ಮದು ಕುರಿ ಸಾಕುವ ಮನೆ. ಸಂಜೆ ಮರಿ ಕಾಯುವುದು ನನ್ನ ಪಾಲಿನ ಕೆಲಸ. ಕೇಳಲು ಬಂದ ಮೇಷ್ಟ್ರನ್ನು ಅವ್ವ ಬಾಗಿಲಲ್ಲೇ ನಿಲ್ಲಿಸಿದಳು.

“ಇಕಿ ಕುಣಿಯಾಕ ಬಂದ್ರ ಮರಿ ಯಾರು ಕಾಯ್ತಾರ? ನೀವು ಬರ್ತೀರೇನ್ರಿ?”

“ನಾ ಯಾಕ ಬರ್ಲಿ ತಾಯಿ? ಮರಿನೇ ಫೀಲ್ಡಿಗೆ ಬರ್ಲಿ. ಬೇಕಾದಷ್ಟು ಹುಲ್ಲು ಐತಿ.”

ಅಂದಿನಿಂದ ನನ್ನ ಒಂದು ಕಣ್ಣು ಆಟದ ಮೇಲೆ, ಇನ್ನೊಂದು ಮರಿಗಳ ಮೇಲೆ. ಅವು ಗೆರೆ ತುಳಿದು ಅಳಿಸುತ್ತಿದ್ದವು, ಮೇಷ್ಟ್ರು ಮತ್ತೆ ಎಳೆಯುತ್ತಿದ್ದರು. ಒಂದು ದಿನವೂ ಬೈದ ನೆನಪಿಲ್ಲ.

ತಾಲೂಕು ಪಂದ್ಯ ಹಗರಿಬೊಮ್ಮನಹಳ್ಳಿಯಲ್ಲಿ. ಹೊರಡುವಾಗ ಅವ್ವ ಷರತ್ತು ಹಾಕಿದಳು: “ಗೆದ್ದು ಬಂದ್ರ ಮುಂದ ಆಡು. ಸೋತ್ರ ಇವತ್ತಿಗೇ ಮುಗೀತು.”

ಕೊನೆಯ ಗಳಿಗೆ. ಎದುರಾಳಿ ಕೈಗೆ ಸಿಗುವಷ್ಟರಲ್ಲಿ ನುಸುಳಿದಳು. ಸಾಲಿನಲ್ಲಿ ಕೂತ ಗೆಳತಿಯ ಬೆನ್ನು ತಟ್ಟಿ ‘ಖೋ’ ಅನ್ನಬೇಕು... ನನ್ನ ಬಾಯಿಂದ ಬಂದದ್ದು ಮರಿಗಳನ್ನು ತಿರುಗಿಸುವ ಕೂಗು: “ಟುರ್ರ್ರ್!” ಅಂಪೈರು ಫೌಲೆಂದು ಸೀಟಿ ಊದಿದರು. ಮೈದಾನವೆಲ್ಲ ನಕ್ಕಿತು. ಒಂದೇ ಪಾಯಿಂಟಿನಿಂದ ಸೋತೆವು.

ಬಸ್ಸಿನಲ್ಲಿ ನಾನು ಅಳುತ್ತ ಕೂತಿದ್ದೆ. ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಏನೋ ಯೋಚಿಸುತ್ತಿದ್ದರು. ಇಳಿದವರೇ ನೆಟ್ಟಗೆ ನಮ್ಮ ಮನೆಗೆ ಬಂದರು. ಸೋತದ್ದನ್ನೂ, ಹೇಗೆ ಸೋತೆವೆಂಬುದನ್ನೂ ಅವ್ವ ಕೇಳುವ ಮೊದಲೇ ಹೇಳಿಬಿಟ್ಟರು.

“ಟುರ್ರ್ ಅಂದ್ಲಾ?” ಅವ್ವ ಬಾಯಿಗೆ ಸೆರಗು ಹಿಡಿದಳು.

“ಹೂಂ ತಾಯಿ. ಆಟಕ್ಕ ಬಿಟ್ರ ಕುರಿ ಮರೀತಾಳ ಅಂತ ಅಂಜಿದ್ರಿ. ಪಂದ್ಯದಾಗೂ ಮರೀಲಿಲ್ಲ ನೋಡ್ರಿ! ಆಟ ಮರೀತಾಳಂತ ಅಂಜೂ ಪಾಳಿ ಈಗ ನಂದು.”

ಅವ್ವನಿಗೆ ನಗು ತಡೆಯಲಾಗಲಿಲ್ಲ. “ನಾಳಿಂದ ಮತ್ತ ಕಳಸ್ತೀನಿ ಬಿಡ್ರಿ. ಮೊದ್ಲು ‘ಖೋ’ ಅನ್ನಾಕ ಕಲಿಸ್ರಿ.”

ಶೇಂಗಾ ವ್ಯಾಪಾರದಲ್ಲಿ ನಾನು ಇಂದಿಗೂ ಮಾಡುವುದು ಮೇಷ್ಟ್ರು ಅಂದು ಮಾಡಿದ್ದನ್ನೇ. ಮಾಲಿನ ಹುಳುಕನ್ನು ನಾನೇ ಮೊದಲು ತೋರಿಸುತ್ತೇನೆ, ದರದ ಮಾತು ಆಮೇಲೆ. ನೀವೂ ಮಾಡಿ ನೋಡಿ. ಎದುರಿನವನಿಗೆ ಚೌಕಾಸಿಗೆ ಹಿಡಿ ಸಿಗುವುದಿಲ್ಲ.

ಈಗ ನನ್ನ ಮಗಳ ಶಾಲೆಯಲ್ಲಿ ಆಟದ ಪಿರಿಯಡ್ ತೆಗೆದು ಗಣಿತಕ್ಕೆ ಕೊಡುತ್ತಾರಂತೆ. ನಾಳೆ ಪಾಲಕರ ಸಭೆ. ‘ನನ್ನ ಮಗಳು ಗಣಿತದಲ್ಲಿ ಹಿಂದೆ’ ಎಂದು ನಾನೇ ಎದ್ದು ನಿಂತು ಶುರು ಮಾಡುತ್ತೇನೆ. ಆಟದ ಪಿರಿಯಡ್ ಉಳಿಸಿಕೊಳ್ಳದೆ ಎದ್ದು ಬರುವವಳಲ್ಲ. ಆದರೆ ಹೇಗಾಯಿತೆಂದು ಹೋಗಿ ಹೇಳೋಣವೆಂದರೆ ಮೇಷ್ಟ್ರು ಇಲ್ಲ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದೂ ತಡವಾಗಿ.

ಅಂಗಡಿಯ ಗೋಡೆ ಬಳಿಯುವುದು ಅರ್ಧಕ್ಕೇ ನಿಂತಿದೆ. ಉಳಿದ ಸುಣ್ಣವನ್ನು ಮಗಳ ಶಾಲೆಯ ಮೈದಾನದ ಗೆರೆಗೆಂದು ಕಟ್ಟಿಟ್ಟಿದ್ದೇನೆ.