ಗರಸಿನ ಹೂ

ನನ್ನ ಯಜಮಾನರು ರಸ್ತೆ ಕೆಲಸದ ಮೇಸ್ತ್ರಿ. ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದ ಕಡೆ ಕೆಲಸ ನಡೆದಾಗ, ವಾರಕ್ಕೊಮ್ಮೆ ರಾಯಚೂರಿನ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದರು. ಮೊದಲ ಮಳೆ ಬಿದ್ದ ಒಂದು ವಾರ ಕರವಸ್ತ್ರದಲ್ಲಿ ಸುತ್ತಿ ಒಂದು ಗಡ್ಡೆ ತಂದರು. ಗುಡ್ಡದ ಗರಸಿನಲ್ಲಿ, ಆ ಸಣ್ಣ ಕಲ್ಲಿನ ಒರಟು ನೆಲದಲ್ಲಿ, ಒಣಹುಲ್ಲಿನ ನಡುವೆ, ಒಂದು ಎಲೆಯೂ ಇಲ್ಲದೆ ಕಡ್ಡಿಯೊಂದು ನಿಂತಿತ್ತಂತೆ. ಅದರ ತುಂಬ ಹಳದಿ-ಹಸಿರು ಹೂ, ಒಳಗೆ ನೇರಳೆ ಗೆರೆ. ಬಸ್ಸಿನ ಗದ್ದಲದಲ್ಲಿ ಹೂವೆಲ್ಲ ಉದುರಿ, ನನ್ನ ಕೈಗೆ ಗಡ್ಡೆಯಷ್ಟೇ ಬಂತು. ಅಂಥದ್ದಕ್ಕೆ ನೆಲದ ಆರ್ಕಿಡ್ ಅನ್ನುತ್ತಾರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು.

ನಾನು ಕುರ್ಡಿಯ ಎರೆ ಹೊಲದವರ ಮಗಳು. ಆ ಕರಿ ಎರೆಮಣ್ಣಿನಲ್ಲಿ ಬೆಳೆಯದ್ದು ಎಲ್ಲಿಯೂ ಬೆಳೆಯದು ಎಂಬುದು ನಮ್ಮ ಮನೆಯ ನಂಬಿಕೆ. ತುಳಸಿಗೂ ತವರಿನ ಮಣ್ಣನ್ನೇ ತಂದಿಟ್ಟುಕೊಂಡಿದ್ದೆ. ಅದನ್ನು ಎಣ್ಣೆ ಡಬ್ಬಿಗೆ ತುಂಬಿ, ಸಗಣಿ ಗೊಬ್ಬರ ಬೆರೆಸಿ, ಗಡ್ಡೆ ಇಟ್ಟು, ಎರಡು ಹೊತ್ತೂ ನೀರು ಹಾಕಿದೆ. ಹದಿನೈದು ದಿನಕ್ಕೆ ಕೆದಕಿ ನೋಡಿದರೆ ಬೆರಳು ಗಡ್ಡೆಯೊಳಗೇ ಇಳಿಯಿತು. ಕೊಳೆತಿತ್ತು.

“ಕುರ್ಡಿಯವರು ಕಲ್ಲಿಗೂ ಗೊಬ್ಬರ ಹಾಕ್ತೀರಿ,” ಎಂದು ಅವರು ನಕ್ಕರು.

ಮರುವಾರ ಅಲ್ಲಿನ ಕುರಿ ಕಾಯುವ ಮುದುಕಿಯನ್ನು ಕೇಳಿಕೊಂಡು ಬಂದರು. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಅದೇ ಅದಕ್ಕೆ ಬೇಕು. ಬೇಸಿಗೆಯೆಲ್ಲ ಒಣ ನೆಲದಲ್ಲಿ ಮಲಗಿದ್ದು, ಮೊದಲ ಮಳೆಗೆ ಹೂ ಬಿಟ್ಟು, ಆಮೇಲೆ ಎಲೆ ಬಿಡುತ್ತದಂತೆ. ಇನ್ನೊಂದು ತನ್ನಿರಿ ಎಂದೆ.

“ಕೀಳೋದು ಬ್ಯಾಡ. ಬರೋ ವರ್ಷ ನಿನ್ನನ್ನ ಅಲ್ಲಿಗೇ ಕರಕೊಂಡು ಹೋಗ್ತೀನಿ.”

ಮರುವರ್ಷ ಕೆಲಸ ಮಾನ್ವಿಗೆ ಹೋಯಿತು. ಅದರ ಮುಂದಿನ ವರ್ಷ, ಮಳೆಗೆ ಮೊದಲೇ, ಕಾಮಾಲೆಯಾಗಿ ಅವರು ತೀರಿಕೊಂಡರು.

ವರ್ಷಾಂತಿಕ ಮುಗಿದ ಮೇಲೆ, ರಾಯಚೂರಿಗೆ ಮೊದಲ ಮಳೆ ಬಿದ್ದ ಮೂರನೆಯ ದಿನ, ತವರಿಗೆ ಎಂದು ಅತ್ತೆಗೆ ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ಗುಡ್ಡ ಯಾವುದೆಂದು ಗೊತ್ತಿರಲಿಲ್ಲ. ಅವರು ಹಾಕಿಸಿದ ರಸ್ತೆ ಗೊತ್ತಿತ್ತು. ಅದರ ಪಕ್ಕದ ಮರಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆ. ಮೂರನೆಯದರ ಇಳಿಜಾರಿನಲ್ಲಿ, ಹುಲ್ಲಿನ ನಡುವೆ, ಮಡಿಕೆಮಡಿಕೆಯಾದ ಹಸಿರು ಎಲೆ ಎದ್ದಿತ್ತು. ಪಕ್ಕದ ಕಡ್ಡಿಯಲ್ಲಿ ಎರಡು ಕಾಯಿ ಜೋತಿದ್ದವು. ಆ ಕಡೆ ಮಳೆ ತಿಂಗಳ ಮೊದಲೇ ಬಿದ್ದಿತ್ತಂತೆ; ಹೂವಿನ ಕಾಲ ಮುಗಿದಿತ್ತು. ಬಸ್ಸಿನ ಹೊತ್ತಾಗುವವರೆಗೆ ಅಲ್ಲೇ ಕೂತಿದ್ದೆ.

ಮರುವರ್ಷ ಬೇಗ ಹೋಗಬಹುದಿತ್ತು. ಹೋಗಲಿಲ್ಲ. ಒಬ್ಬಳೇ ನೋಡಿಬಿಟ್ಟರೆ, ಅವರು ನನಗೆ ತೋರಿಸಬೇಕಾದದ್ದು ಏನೂ ಉಳಿಯುವುದಿಲ್ಲ ಅನ್ನಿಸಿತು.