ಒಣ ಅಂಗಿಯ ತೂಕ

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಗರಿಗರಿ ಎಂದು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವನದು. ಯಾರು ಗಂಟು ತಂದಿಟ್ಟರೂ ತಲೆ ಎತ್ತದೆ, "ಗರಿಗರಿ ಬೇಕೋ, ಮೆತ್ತಗೆ ಬೇಕೋ?" ಎಂದು ಗಂಜಿಯ ವಿಷಯ ಕೇಳುತ್ತಿದ್ದ. ಕೇಳಿ ಕೇಳಿ ಆ ಮಾತೇ ಅವನಿಗೆ ಅಂಟಿಕೊಂಡಿತು. ಅವನ ನಿಜವಾದ ಹೆಸರಿಗೆ ಅಂಚೆಯವನೊಬ್ಬನನ್ನು ಬಿಟ್ಟರೆ ಗಿರಾಕಿಗಳಿಲ್ಲ.

ನಮ್ಮ ಮನೆ ಆ ಅಂಗಡಿಯ ಎದುರಿಗೇ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದರಾಚೆ ಅಡುಗೆಮನೆ. ಅಷ್ಟರಲ್ಲಿ ಅವನು, ಅವನ ಹೆಂಡತಿ, ಹೆಂಡತಿಯ ತಾಯಿ. ಹೆಂಡತಿ ಹರಿದದ್ದು ಹೊಲಿದು, ಗುಂಡಿ ಹಾಕಿ, ಮಡಿಚಿಡುತ್ತಾಳೆ. ಅತ್ತೆ ಸೋಡಾಗ್ಲಾಸಿನಂಥ ಕನ್ನಡಕ ಹಾಕಿಕೊಂಡು, ಕೆಂಪು ಅಂಕಿ ಬೀಳುವ ತಕ್ಕಡಿಯ ಪಕ್ಕ ಕೂತು ತೂಕ ಕೂಗುತ್ತಾರೆ. ಗರಿಗರಿಗೆ ಮಾತ್ರ ಆ ತಕ್ಕಡಿ ಬೇಕಿರಲಿಲ್ಲ. ಗಂಟನ್ನು ಒಮ್ಮೆ ಎತ್ತಿ, "ಮೂರು ಕಿಲೋ ಮುನ್ನೂರು" ಎನ್ನುತ್ತಿದ್ದ. ಅತ್ತೆ ತಕ್ಕಡಿ ನೋಡಿ, "ಮುನ್ನೂರ ಹತ್ತು. ಅಳಿಯಂದ್ರ ಕೈಗೆ ಇವತ್ತು ಮಂಪರು" ಎಂದು ಚುಚ್ಚುತ್ತಿದ್ದರು.

ಆ ಮಂಪರು ಬರೀ ತಮಾಷೆಯಾಗಿರಲಿಲ್ಲ. ಹದಿನೆಂಟು ವರ್ಷ ಅವನು ಕುಡಿದ. ಬೈಗುಳ, ಹೊಡೆತ ಯಾವುದೂ ಇಲ್ಲ. ಸಂಜೆ ಬಾಗಿಲೆಳೆದು ಹೋಗುತ್ತಿದ್ದ, ಬಂದು ಮರದ ದಿಮ್ಮಿಯಂತೆ ಬಿದ್ದುಕೊಳ್ಳುತ್ತಿದ್ದ. "ನಾನು ಕುಡಿಯೋದು ನಿದ್ದೆಗೆ ಅಕ್ಕ, ಔಷಧಿ ಇದ್ದ ಹಾಗೆ" ಎಂದು ನನಗೆ ಎಷ್ಟೋ ಸಲ ಹೇಳಿದ್ದ. ಬರಬರುತ್ತ ಔಷಧಿಯ ಹೊತ್ತು ಸಂಜೆಯಿಂದ ಮಧ್ಯಾಹ್ನಕ್ಕೆ ಜಾರಿತು. ಒಂದು ದಿನ ಕಾದ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು, ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋದ. ಮೇಜಿನ ಹಾಸು ಹೊಗೆಯಾಡಿ, ಪಕ್ಕದ ಗಂಟಿಗೂ ಬೆಂಕಿ ಹತ್ತಿತು. ಹೆಂಡತಿ ಗಂಜಿಯ ಬಕೆಟ್ಟನ್ನೇ ಎತ್ತಿ ಸುರಿದಳು. ಬೆಂಕಿ ಆರಿತು. ಅವನಿಗೆ ಎಚ್ಚರವಾದದ್ದು ಆಮೇಲೆ.

ಅವಳು ಕೂಗಾಡಲಿಲ್ಲ. ನೆಲದ ಗಂಜಿ ಒರೆಸುತ್ತ, ಬಟ್ಟೆ ಹಿಂಡುತ್ತ, ಮೆಲ್ಲಗೆ ಹೇಳಿದಳಂತೆ: "ಇನ್ನೊಂದು ಸಲ ನೀವು ಅದನ್ನ ಮುಟ್ಟಿದರೆ ಅಮ್ಮನ್ನ ಕರ್ಕೊಂಡು ತಂಗಿ ಮನೆಗೆ ಹೋಗಿಬಿಡ್ತೀನಿ. ಜಗಳ ಆಡೋಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ."

ಕೂಗಾಡಿದ್ದರೆ ಅವನು ಮರೆಯುತ್ತಿದ್ದನೇನೋ. ಮೆಲ್ಲಗೆ ಹೇಳಿದ್ದು ಒಳಗೆ ಇಳಿಯಿತು. ಮರುದಿನವೇ ಆಸ್ಪತ್ರೆಗೆ ಹೋದ. ಅಲ್ಲಿದ್ದ ಡಾಕ್ಟರಮ್ಮ, ಇಷ್ಟು ವರ್ಷದ ಕುಡಿತವನ್ನು ಮನೆಯಲ್ಲೇ ಒಮ್ಮೆಗೆ ನಿಲ್ಲಿಸುವುದು ಅಪಾಯ ಎಂದು ಐದು ದಿನ ಅಲ್ಲೇ ಇರಿಸಿಕೊಂಡು ಮಾತ್ರೆ ಕೊಟ್ಟು ನೋಡಿಕೊಂಡರು. ಕೈ ವಿಪರೀತ ನಡುಗಿದರೆ, ಜ್ವರ ಬಂದರೆ, ಇಲ್ಲದ್ದು ಕಣ್ಣಿಗೆ ಕಂಡರೆ ಕ್ಷಣವೂ ತಡಮಾಡದೆ ಕರೆತರಬೇಕೆಂದು ಹೆಂಡತಿಗೆ ಬಿಡಿಸಿ ಹೇಳಿ ಕಳಿಸಿದರು.

ಹಾಗೇನೂ ಆಗಲಿಲ್ಲ. ಆದರೆ ನಿದ್ದೆ ಅವನ ಮೇಲೆ ಮುನಿಸಿಕೊಂಡಿತು. ಒಂದು ಗಳಿಗೆ ಕಣ್ಣು ಹತ್ತಿದರೆ ಬೆವತು ತೊಪ್ಪೆಯಾಗಿ ಏಳುತ್ತಿದ್ದ. ಹೊದಿಕೆ, ದಿಂಬು, ಎದೆ, ಕತ್ತಿನ ಹಿಂಭಾಗ ಎಲ್ಲ ನೀರು. ಅವನ ಹೊರಳಾಟಕ್ಕೆ ಮನೆಯವರೆಲ್ಲ ಏಳುತ್ತಾರೆಂದು ಮುಂದಿನ ಅಂಗಡಿಯಲ್ಲಿ ಒಂದು ಮಂಚ ಹಾಕಿಕೊಂಡ. ಎರಡನೆಯ ವಾರ ಡಾಕ್ಟರಮ್ಮನ ಬಳಿ ಹೋದಾಗ ಅವರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾಯಿಲೆ ಏನೂ ಇಲ್ಲ, ದೇಹ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತಿದೆ ಎಂದರು. ಬೆವರು ಇನ್ನು ಕೆಲವು ವಾರ ಇರಬಹುದು, ನಿದ್ದೆ ಸರಿಹೋಗಲು ಅದಕ್ಕಿಂತ ಹೆಚ್ಚೂ ಆಗಬಹುದು. ತೆಳು ಹತ್ತಿಬಟ್ಟೆ ಹಾಕಿ, ನೀರು ಚೆನ್ನಾಗಿ ಕುಡಿಯಿರಿ, ಮಧ್ಯಾಹ್ನದ ಮೇಲೆ ಚಹಾ ಬೇಡ, ನಿದ್ದೆ ಬರದಿದ್ದರೆ ಒದ್ದಾಡುತ್ತ ಮಲಗಿರಬೇಡಿ, ಎದ್ದು ಏನಾದರೂ ಬೇಸರದ ಕೆಲಸ ಮಾಡಿ ಎಂದರು. ಕೊನೆಗೆ ಕೇಳಿದರು: "ಎಷ್ಟು ಬೆವರ್ತೀರಿ?"

"ಬಾಯಲ್ಲಿ ಹೇಗೆ ಹೇಳೋದು ಡಾಕ್ಟ್ರೇ? ತೂಕ ಮಾಡಿ ಹೇಳ್ತೀನಿ."

ಡಾಕ್ಟರಮ್ಮ ನಕ್ಕರಂತೆ. ಇವನು ನಗಲಿಲ್ಲ. ತೂಕದ ವಿಷಯದಲ್ಲಿ ಅವನು ತಮಾಷೆ ಮಾಡಿದವನೇ ಅಲ್ಲ.

ಹೆಂಡತಿ ಹಳೆಯ ಹತ್ತಿ ಹೊದಿಕೆಯನ್ನು ಕತ್ತರಿಸಿ ಒಂದೇ ಅಳತೆಯ ನಾಲ್ಕು ಅಂಗಿ ಹೊಲಿದಳು. ಒಣಗಿದ್ದಾಗ ಒಂದೊಂದೂ ಸರಿಯಾಗಿ ಇನ್ನೂರು ಗ್ರಾಂ. ಬೆಳಿಗ್ಗೆ ಎದ್ದ ತಕ್ಷಣ ಹಾಕಿಕೊಂಡದ್ದನ್ನು ಬಿಚ್ಚಿ ತಕ್ಕಡಿಗೆ ಹಾಕುವುದು, ಅತ್ತೆ ಪರೀಕ್ಷೆಯ ಫಲಿತಾಂಶ ಓದುವಂತೆ ಕೂಗುವುದು. "ಮುನ್ನೂರ ಅರವತ್ತು!" ಎಂದ ದಿನ ನಾನು ನಮ್ಮ ಜಗಲಿಯಲ್ಲಿ ಕೂತೇ ಕೇಳಿದ್ದೆ.

"ಇಷ್ಟು ನೀರು ನಮ್ಮ ನಲ್ಲೀಲಿ ಬಂದಿದ್ರೆ ಎಷ್ಟು ಚೆನ್ನಾಗಿತ್ತು" ಎನ್ನುತ್ತಿದ್ದರು ಅತ್ತೆ.

"ನಿಮ್ಮ ಮಗಳಿಗೆ ಹೇಳಿ ಕೊಡ ಹಿಡಿಸಿ ಅತ್ತೆ" ಎನ್ನುತ್ತಿದ್ದ ಇವನು. ಕಣ್ಣು ಕೆಂಪಗೆ, ಮುಖ ಬಾಡಿರುತ್ತಿತ್ತು. ಮಾತು ಮಾತ್ರ ಬಾಡಿರಲಿಲ್ಲ.

ಬೇಸರದ ಕೆಲಸಕ್ಕೆ ಅವನು ಆರಿಸಿಕೊಂಡದ್ದು ಕಾಲುಚೀಲ. ಅಂಗಡಿಯ ಮೂಲೆಯಲ್ಲಿ ಒಂದು ಡಬ್ಬದ ತುಂಬ ಜೋಡಿ ತಪ್ಪಿದ ಕಾಲುಚೀಲಗಳಿದ್ದವು. ನಿದ್ದೆ ಬಾರದ ಹೊತ್ತಿನಲ್ಲಿ ಒಂದೊಂದನ್ನೇ ಬೆಳಕಿಗೆ ಹಿಡಿದು ಜೋಡಿ ಹುಡುಕುತ್ತಿದ್ದ. ಎರಡು ವಾರದಲ್ಲಿ ನಮ್ಮ ಬೀದಿಗೆ ಅಚ್ಚರಿ ಕಾದಿತ್ತು. ಕಳೆದೇ ಹೋದವು ಎಂದುಕೊಂಡಿದ್ದ ಕಾಲುಚೀಲಗಳು ಮನೆಮನೆಗೆ ವಾಪಸು ಬಂದವು. ನಮ್ಮ ಯಜಮಾನರದೊಂದು ಬೂದುಬಣ್ಣದ್ದು ನಾಲ್ಕು ವರ್ಷದ ಮೇಲೆ ತನ್ನ ಜೋಡಿಯನ್ನು ಸೇರಿತು. ಆ ಹೊತ್ತಿಗೆ ಜೋಡಿ ನೆಲ ಒರೆಸುವ ಬಟ್ಟೆಯಾಗಿತ್ತು, ಅದು ಬೇರೆ ಮಾತು.

ತೂಕ ನಿಧಾನವಾಗಿ ಇಳಿಯುತ್ತಿತ್ತು. ಮುನ್ನೂರು, ಇನ್ನೂರ ಎಂಬತ್ತು, ಇನ್ನೂರ ಅರವತ್ತು. ಹೆಂಡತಿಯ ಮುಖದಲ್ಲೂ ಅಷ್ಟಷ್ಟೇ ಗೆಲುವು ಏರುತ್ತಿತ್ತು. ನಾನು ಬೆಳಗಿನ ಪ್ರಾರ್ಥನೆಗೆ ಕೂತಾಗ ಆ ಮನೆಯನ್ನೂ ನೆನೆಯುತ್ತಿದ್ದೆ. ಎದುರು ಮನೆಯವರ ಅಂಗಿಯ ತೂಕ ಇಳಿಸು ಎಂದು ಕೇಳುವುದು ದೇವರಿಗೂ ಹೊಸತಾಗಿದ್ದಿರಬಹುದು.

ನಾಲ್ಕನೆಯ ವಾರದಲ್ಲಿ ಇದ್ದಕ್ಕಿದ್ದಂತೆ ಮತ್ತೆ ಮುನ್ನೂರ ನಲವತ್ತು ಬಂತು. ಅತ್ತೆ ಕೂಗಲಿಲ್ಲ, ಗೊಣಗಿದರು. ಹೆಂಡತಿ ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಇಡೀ ದಿನ ಅವಳು ತಲೆ ತಗ್ಗಿಸಿ ಗುಂಡಿ ಹೊಲಿದದ್ದನ್ನು ನಾನೂ ಕಂಡೆ. ಇವನ ಕಣ್ಣೆಲ್ಲ ಅವಳ ಮೇಲೇ ಇತ್ತು. ಸಂಜೆ ನಾನು ನಮ್ಮ ಗಂಟನ್ನು ಕೊಟ್ಟು ಬರಲು ಹೋದಾಗ ಗರಿಗರಿ ಬೇಕೋ, ಮೆತ್ತಗೆ ಬೇಕೋ ಎಂದು ಕೇಳುವುದನ್ನೂ ಮರೆತ.

ಮರುದಿನ ಬೆಳಿಗ್ಗೆ, ಗಂಟಿಗೆ ಹಾಕಲು ಬಿಟ್ಟುಹೋದ ಒಂದು ದಿಂಬಿನ ಚೀಲವನ್ನು ಹಿಡಿದು ಮತ್ತೆ ಹೋದೆ. ಆಗಷ್ಟೇ ಅಂಗಿ ತಕ್ಕಡಿಯ ಮೇಲೆ ಕೂತಿತ್ತು. ಅತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದರು.

"ಇನ್ನೂರು! ಸರಿಯಾಗಿ ಇನ್ನೂರು ಕಣೇ. ಅಳಿಯಂದ್ರು ಗೆದ್ದರು."

ಗರಿಗರಿ ಎದೆ ಉಬ್ಬಿಸಿ ಹೆಂಡತಿಯನ್ನು ನೋಡಿದ. ಅವಳು ಅಂಗಿಯನ್ನು ಮುಟ್ಟಿ ನೋಡಿದಳು. ನಗಲಿಲ್ಲ.

"ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೆ? ಇಲ್ಲೇ ಮಲಗಿದ್ದೆ. ಎಂಥಾ ನಿದ್ದೆ ಅಂತೀಯ."

"ಹದಿನೆಂಟು ವರ್ಷದಿಂದ ನೋಡಿದೀನಿ. ನೀವು ಹೊರಳದೆ, ಬೆವರದೆ ಮಲಗೋದು ಕುಡಿದ ದಿನ ಮಾತ್ರ. ಮೊನ್ನೆ ರಾತ್ರಿ ಮುನ್ನೂರ ನಲವತ್ತು, ನಿನ್ನೆ ಒಣಾನಾ?"

ಅವನು ಕಕ್ಕಾಬಿಕ್ಕಿಯಾದ. "ಏ ಮಾರಾಯ್ತಿ, ಬೇಕಾದ್ರೆ ಬಾಯಿ ಮೂಸಿ ನೋಡು."

"ಅದನ್ನ ನಂಬೋದು ಬಿಟ್ಟು ಬಹಳ ವರ್ಷ ಆಯ್ತು. ಲವಂಗ, ಏಲಕ್ಕಿ, ಈರುಳ್ಳಿ, ಎಷ್ಟು ದಾರಿ ಗೊತ್ತು ನಿಮಗೆ."

ಅವಳು ಒಳಗೆ ಹೋದಳು. ಅಟ್ಟದ ಮೇಲಿಂದ ಚೀಲ ಇಳಿಸಿದ ಸದ್ದು ಕೇಳಿಸಿತು. ಅತ್ತೆ ತಕ್ಕಡಿಯನ್ನು ಆರಿಸಿಬಿಟ್ಟರು. ಗರಿಗರಿ ಬಾಗಿಲ ಬಳಿ ನಿಂತು, ಒಳಗಿನ ಕಡೆಗೆ ಮುಖ ಮಾಡಿ, ಬಾಲ ಸುಟ್ಟ ಬೆಕ್ಕಿನ ಹಾಗೆ ಚಡಪಡಿಸಿದ.

"ನಾನು ಬೆವತೆ ಕಣೇ. ಸುಳ್ಳು ಹೇಳಿದೆ. ಚೆನ್ನಾಗೇ ಬೆವತೆ, ನಿದ್ದೆ ಅಂತೂ ಒಂದು ಗಂಟೆಯೂ ಇಲ್ಲ. ನಿನ್ನೆ ನಿನ್ನ ಮುಖ ನೋಡೋಕೆ ಆಗಲಿಲ್ಲ. ಅದಕ್ಕೇ ಒದ್ದೆ ಅಂಗಿ ಬಚ್ಚಿಟ್ಟು ಒಣಗಿದ್ದು ಹಾಕ್ಕೊಂಡೆ."

ಅವಳು ಚೀಲ ಹಿಡಿದೇ ಹೊರಗೆ ಬಂದಳು. "ಹಾಗಾದ್ರೆ ಒದ್ದೆ ಅಂಗಿ ಎಲ್ಲಿ?"

ಅವನು ನನ್ನ ಕಡೆ ನೋಡಿದ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. "ಅಕ್ಕನ ಗಂಟಿನಲ್ಲಿ."

ಗಂಟು ಇಟ್ಟಿದ್ದ ಜಾಗ ಬರಿದಾಗಿತ್ತು. ಅತ್ತೆ ಎದೆ ಮುಟ್ಟಿಕೊಂಡರು. "ಅಯ್ಯೋ, ಅದನ್ನ ಬೆಳಿಗ್ಗೇನೇ ಒಗೆಯೋ ಮಷೀನಿಗೆ ಸುರಿದೆನಲ್ಲ."

"ನೀರು ಬಿಟ್ಟಿರಾ?"

"ನಲ್ಲೀಲಿ ನೀರೇ ಬಂದಿಲ್ಲವಲ್ಲ ಅಳಿಯಂದ್ರೇ."

ನಲ್ಲಿಯನ್ನು ದಿನವೂ ಬೈಯುತ್ತಿದ್ದ ಆ ಮನೆಯವರೆಲ್ಲ ಅವತ್ತು ಅದರ ಸೋಮಾರಿತನಕ್ಕೆ ಕೈಮುಗಿಯಬೇಕಿತ್ತು. ನಾನೇ ಮಷೀನಿನ ಬಾಗಿಲು ತೆಗೆದು ಕೈ ಹಾಕಿದೆ. ನಮ್ಮ ಯಜಮಾನರ ಎರಡು ಷರ್ಟು, ಹೊದಿಕೆ, ಟವೆಲ್ಲು, ನನ್ನ ಹಳೆಯ ಲಂಗ ಒಂದೊಂದಾಗಿ ಎಲ್ಲರ ಮುಂದೆ ಮೆರವಣಿಗೆ ಹೊರಟವು. ಕೊನೆಯಲ್ಲಿ ಮುದ್ದೆಯಾಗಿ ತಣ್ಣಗಿದ್ದದ್ದೊಂದು ಕೈಗೆ ಸಿಕ್ಕಿತು.

ಅತ್ತೆ ತಕ್ಕಡಿಯನ್ನು ಮತ್ತೆ ಹಚ್ಚಿದರು. "ಮುನ್ನೂರ ಐದು."

ಗರಿಗರಿ ಅಂಗಿಯನ್ನು ಎತ್ತಿ, ಕಣ್ಣು ಮುಚ್ಚಿ ತೂಗಿ ನೋಡಿದ. "ಬೆಳಗಿನ ಜಾವಕ್ಕೆ ಮುನ್ನೂರ ಇಪ್ಪತ್ತಿತ್ತು. ಹದಿನೈದು ಗ್ರಾಂ ಅಕ್ಕನ ಹೊದಿಕೆ ಕುಡಿದಿದೆ."

"ಅಂತೂ ಈ ಅಂಗಡೀಲಿ ಕುಡಿದಿದ್ದು ನಮ್ಮ ಹೊದಿಕೆ ಒಂದೇ" ಎಂದೆ ನಾನು.

ಅತ್ತೆಗೆ ಮೊದಲು ನಗು ಬಂತು. ಹೆಂಡತಿ ಮಾತ್ರ ಅಂಗಿಯನ್ನು ಕೈಗೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. ಕುಡಿದ ದಿನಗಳ ಬಟ್ಟೆಯನ್ನು ಹದಿನೆಂಟು ವರ್ಷ ಒಗೆದವಳು ಅವಳು. ಆ ಹುಳಿ ವಾಸನೆ ಅವಳಿಗೆ ಗೊತ್ತಿಲ್ಲದ್ದಲ್ಲ. ಇದರಲ್ಲಿ ಬರೀ ಬೆವರು. ಅವಳು ಮಂಚದ ಮೇಲೆ ಕೂತು, ಆ ಒದ್ದೆ ಅಂಗಿಯಲ್ಲೇ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದಳು. ಸ್ವಲ್ಪ ಅತ್ತಿದ್ದಳು ಕೂಡ.

"ನಿಮ್ಮ ಬೆವರು ನೋಡಿ ಖುಷಿಪಡೋ ಕಾಲ ಬಂತಲ್ಲ ನನಗೆ" ಎಂದಳು. ಆಮೇಲೆ ಧ್ವನಿ ಬದಲಾಯಿತು. "ನಿನ್ನೆ ನಾನು ಬೇಜಾರಾಗಿದ್ದು ನಿಮ್ಮ ಮೇಲಲ್ಲ. ಪಾಪ, ಈ ಮನುಷ್ಯನಿಗೆ ಇನ್ನೆಷ್ಟು ದಿನ ಹೀಗೆ ಅಂತ ಇತ್ತು ಮನಸ್ಸಲ್ಲಿ. ನಾನೂ ಹೇಳಲಿಲ್ಲ, ನೀವೂ ಕೇಳಲಿಲ್ಲ. ಇನ್ಮೇಲೆ ಐದು ಕಿಲೋ ಆದ್ರೂ ಸರಿ, ನಿಜವಾದ ಅಂಗೀನೇ ತಕ್ಕಡಿಗೆ ಹಾಕಿ."

"ಐದು ಕಿಲೋ ಆದ್ರೆ ನಾನೇ ಉಳಿಯಲ್ಲ" ಎಂದ ಅವನು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನೀರು ಬಿಟ್ಟಿತು.

ಹೊರಡುವಾಗ ಬಾಗಿಲಲ್ಲಿ ಅವನನ್ನು ಕೇಳಿದೆ, ಅಷ್ಟೊಂದು ಗಂಟುಗಳಿರುವಾಗ ನಮ್ಮದನ್ನೇ ಯಾಕೆ ಆರಿಸಿಕೊಂಡೆ ಎಂದು. "ಸಿಕ್ಕಿಹಾಕ್ಕೊಂಡ್ರೆ ಬೈಯದೆ ಪೂರ್ತಿ ಕೇಳಿಸ್ಕೊಳ್ಳೋರು ನೀವೊಬ್ರೇ ಅಕ್ಕ" ಎಂದ. ಬೈಯಬೇಕೆಂದು ಸಿದ್ಧವಾಗಿದ್ದ ಮಾತನ್ನು ನುಂಗಿಕೊಂಡು ಬಂದೆ.

ಅಲ್ಲಿಂದ ತೂಕ ಏರುತ್ತ ಇಳಿಯುತ್ತ ಸಾಗಿತು. ಏರಿದ ದಿನ ಅವಳು ಅವನ ತಟ್ಟೆಗೆ ಒಂದು ತುತ್ತು ಹೆಚ್ಚು ಬಡಿಸಿ, "ಕಳ್ಕೊಂಡಿದ್ದು ತುಂಬ್ಕೊಳ್ಳಿ" ಎನ್ನುತ್ತಿದ್ದಳು. ಇಳಿದ ದಿನ ಅತ್ತೆ ನಾಲ್ಕೂ ಅಂಗಿಗಳನ್ನು ಎಣಿಸಿ, ಮಂಚದ ಕೆಳಗೆ ಬಗ್ಗಿ ನೋಡಿ, ಆಮೇಲೆ ತೂಕ ಕೂಗುತ್ತಿದ್ದರು. "ಪೊಲೀಸಿನವರು ಕೂಡ ಇಷ್ಟು ಹುಡುಕಲ್ಲ ಅತ್ತೆ" ಎಂದರೆ, "ಪೊಲೀಸಿನವರಿಗೆ ನಿಮ್ಮಂಥ ಅಳಿಯ ಇಲ್ಲ" ಎನ್ನುತ್ತಿದ್ದರು.

ಹತ್ತನೆಯ ವಾರವೋ ಹನ್ನೊಂದನೆಯದೋ ಇರಬೇಕು. ಬೆಳಿಗ್ಗೆ ಎಂಟೂವರೆಗೆ ಗಂಟು ಹಿಡಿದು ಹೋದೆ. ಅಂಗಡಿಯ ಬಾಗಿಲು ಅರ್ಧ ತೆಗೆದಿತ್ತು. ಹೊರಗೆ ಇನ್ನಿಬ್ಬರು ಗಂಟು ಹಿಡಿದು ನಿಂತಿದ್ದರು. ಹೆಂಡತಿ ಮೆಟ್ಟಿಲ ಮೇಲೆ ನಿಂತು, ತುಟಿಯ ಮೇಲೆ ಬೆರಳಿಟ್ಟು, ಗರಿಗರಿಯೋ ಮೆತ್ತಗೋ ಎಂದು ಕೈಸನ್ನೆಯಲ್ಲೇ ಕೇಳುತ್ತಿದ್ದಳು. ಒಳಗೆ ಮಂಚದ ಮೇಲೆ ಅವನು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಾಲಬುಡದಲ್ಲಿ ಅವತ್ತು ಅಟ್ಟದಿಂದ ಇಳಿಸಿದ ಚೀಲವಿತ್ತು. ಅದು ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಜೋಡಿ ಸಿಗದೆ ಉಳಿದ ಕಾಲುಚೀಲಗಳೆಲ್ಲ ಈಗ ಅದರಲ್ಲಿವೆ.

ಅತ್ತೆ ತಕ್ಕಡಿಯ ಪಕ್ಕದಿಂದ ಎದ್ದು, ಮೆಲ್ಲಗೆ ಮಂಚದ ಹತ್ತಿರ ಬಂದು, ಕೈಯ ಹಿಂಭಾಗವನ್ನು ಅವನ ಕೊರಳಪಟ್ಟಿಗೆ ತಾಗಿಸಿ ನೋಡಿದರು. ನಮ್ಮ ಕಡೆ ತಿರುಗಿ, ಸದ್ದಿಲ್ಲದೆ ತುಟಿ ಆಡಿಸಿದರು.

ಒಣಗಿದೆ.

ತೂಕ ಮಾಡಬೇಕೆಂದರೆ ಅಂಗಿ ಬಿಚ್ಚಬೇಕು, ಬಿಚ್ಚಬೇಕೆಂದರೆ ಅವನನ್ನು ಎಬ್ಬಿಸಬೇಕು. ಯಾರಿಗೂ ಮನಸ್ಸಾಗಲಿಲ್ಲ. ನಾವು ಮೂವರು ಗಿರಾಕಿಗಳು ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆವು. ಅವನು ಎದ್ದಾಗ ಒಂಬತ್ತೂಕಾಲು.